ಗೇರ್ ಇಳಿಸಿದಾಗ ಕಾರು ಜಗ್ಗುವುದೇಕೆ?

ಗೇರ್ ಏರಿಸುವುದು ನನಗೆ ಬೇಗ ರೂಢಿಯಾಯಿತು. ಇಳಿಸುವುದು ಮಾತ್ರ ಸುಮಾರು ದಿನ ಕಾಡಿತು. ಲಿವರ್ ಸಲೀಸಾಗಿ ಎರಡಕ್ಕೆ ಕೂರುತ್ತಿತ್ತು, ಆದರೆ ಕ್ಲಚ್ ಬಿಟ್ಟ ಕೂಡಲೇ ಕಾರು ಜಗ್ಗುತ್ತಿತ್ತು. ಗೇರ್ ಸರಿಯಾಗಿ ಬಿದ್ದ ಮೇಲೂ ಜರ್ಕ್ ಯಾಕೆ? ಇದೊಂದು ಗೊತ್ತಾದರೆ ಉಳಿದದ್ದು ಸುಲಭ.

ಇಲ್ಲಿ ಹೊಂದಿಸಬೇಕಾದ ವೇಗ ಒಂದಲ್ಲ, ಎರಡು. ಮೊದಲನೆಯದು ಗೇರ್‌ಬಾಕ್ಸ್ ಒಳಗಿನದು. ಅಲ್ಲಿ ಸಿಂಕ್ರೊನೈಸರ್ ಎಂಬ ಬಳೆಯಂಥ ಭಾಗ ಉಜ್ಜಿಕೊಂಡು ಗೇರ್ ಮತ್ತು ಶಾಫ್ಟ್‌ನ ವೇಗ ಸಮ ಮಾಡುತ್ತದೆ. ಲಿವರ್ ಮೆತ್ತಗೆ ಬೀಳುವುದು ಅದರಿಂದ. ಎರಡನೆಯದು ಎಂಜಿನ್ನಿನದು. ಕ್ಲಚ್ ತುಳಿದಾಗ ಎಂಜಿನ್ ಚಕ್ರಗಳಿಂದ ಬೇರೆಯಾಗಿರುತ್ತದೆ, ಸಿಂಕ್ರೊನೈಸರ್ ಅದನ್ನು ಸರಿಮಾಡುವುದಿಲ್ಲ. ಅದು ನಮ್ಮ ಕಾಲಿನ ಕೆಲಸ.

ಲೆಕ್ಕ ಹಾಕಿ ನೋಡಿ. ನಾಲ್ಕನೇ ಗೇರಿನ ರೇಶಿಯೋ (ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ) 1.0, ಮೂರನೆಯದು 1.4 ಅಂದುಕೊಳ್ಳಿ. ನಾಲ್ಕರಲ್ಲಿ ಎಂಜಿನ್ 2000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 2000 ಸುತ್ತು, ತಿರುಗುತ್ತಿದ್ದರೆ ಅದೇ ವೇಗಕ್ಕೆ ಮೂರರಲ್ಲಿ 2800 ಬೇಕು. ಆದರೆ ಕ್ಲಚ್ ಒತ್ತಿ, ಆಕ್ಸಿಲರೇಟರ್ ಬಿಟ್ಟ ಹೊತ್ತಿಗೆ ಎಂಜಿನ್ 1000ದ ಹತ್ತಿರ ಇಳಿದಿರುತ್ತದೆ. ಆಗ ಕ್ಲಚ್ ಥಟ್ಟನೆ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ಎಳೆದು 2800ಕ್ಕೆ ತರಬೇಕು. ಆ ಎಳೆತವೇ ಜರ್ಕ್. ಒದ್ದೆ ರಸ್ತೆಯಲ್ಲಿ ಅಷ್ಟಕ್ಕೇ ಚಕ್ರ ಜಾರಲೂಬಹುದು.

ಪರಿಹಾರ ಎರಡಿವೆ. ಕ್ಲಚ್ಚನ್ನು ಅದು ಹಿಡಿಯುವ ಜಾಗದಲ್ಲಿ ಒಂದು ಕ್ಷಣ ತಡೆದು ನಿಧಾನ ಬಿಡುವುದು ಒಂದು. ಸುಲಭ, ಆದರೆ ಪ್ರತಿ ಸಲ ಪ್ಲೇಟ್ ಸ್ವಲ್ಪ ಸವೆಯುತ್ತದೆ. ಇನ್ನೊಂದು, ಕ್ಲಚ್ ತುಳಿದಿರುವಾಗಲೇ ಆಕ್ಸಿಲರೇಟರನ್ನು ಚಿಕ್ಕದಾಗಿ ಒತ್ತಿ ಎಂಜಿನ್ ದನಿ ಏರಿಸಿ, ಆ ದನಿ ಬೀಳುವ ಮೊದಲೇ ಕ್ಲಚ್ ಬಿಡುವುದು. ನನ್ನ ಮಟ್ಟಿಗೆ ಇದನ್ನೇ ಕಲಿಯಬೇಕು. ಮೀಟರ್ ನೋಡಬೇಡಿ, ಕಿವಿ ಕೊಡಿ. ಸರಿಯಾದಾಗ ಗೇರ್ ಬದಲಾದದ್ದು ಪಕ್ಕದಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಹಂಪ್ ಬಂತು ಅಂದುಕೊಳ್ಳಿ. ಮೂರರಲ್ಲಿ 40 ಕಿ.ಮೀ. ವೇಗದಲ್ಲಿದ್ದೀರಿ. ಗೇರಿಗೆ ಕೈ ಹಾಕುವ ಮೊದಲು ಬ್ರೇಕ್. ವೇಗ 15ರ ಆಸುಪಾಸಿಗೆ ಬಂದ ಮೇಲೆ ಕ್ಲಚ್, ಎರಡು, ನಿಧಾನ ಬಿಡಿ. ವೇಗ ಇಷ್ಟು ಇಳಿದ ಮೇಲೆ ಎಂಜಿನ್ ಇರುವ ಆರ್‌ಪಿಎಂಗೂ ಬೇಕಾದದ್ದಕ್ಕೂ ಅಂತರ ಕಡಿಮೆ, ಹಾಗಾಗಿ ದನಿ ಏರಿಸುವ ಅಗತ್ಯವೂ ಹೆಚ್ಚಿರುವುದಿಲ್ಲ. ವೇಗ ತಗ್ಗಿಸುವುದು ಬ್ರೇಕಿನ ಕೆಲಸ, ಮುಂದೆ ಹೋಗಲು ಬೇಕಾದ ಗೇರ್ ಆಮೇಲೆ. ಐದರಿಂದ ನೇರ ಮೂರಕ್ಕೆ ಬಂದರೂ ತಪ್ಪಿಲ್ಲ, ವೇಗ ಹೊಂದಿದರೆ ಸಾಕು.

ಒಂದು ಎಚ್ಚರ. ಜೋರಾಗಿ ಹೋಗುವಾಗ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದರೆ ಕ್ಲಚ್ ಬಿಡಲೇಬೇಡಿ. ಎಂಜಿನ್ ಮಿತಿ ಮೀರಿ ತಿರುಗದಂತೆ ನೋಡಿಕೊಳ್ಳುವ ರೆವ್ ಲಿಮಿಟರ್ ಇಂಧನವನ್ನಷ್ಟೇ ತಡೆಯುತ್ತದೆ. ಚಕ್ರಗಳು ಎಂಜಿನ್ನನ್ನು ತಿರುಗಿಸಿದರೆ ಅದರ ಕೈಯಲ್ಲಿ ಏನೂ ಇಲ್ಲ.

ಉದ್ದನೆಯ ಇಳಿಜಾರಿನಲ್ಲಿ ಮಾತ್ರ ಮಾತು ಬೇರೆ. ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ಇಳಿಯುವ ಮೊದಲೇ ಎರಡಕ್ಕೋ ಮೂರಕ್ಕೋ ಹಾಕಿ, ಎಂಜಿನ್ ಕಾರನ್ನು ಹಿಡಿದುಕೊಳ್ಳಲಿ. ಪೆಟ್ರೋಲ್ ಉಳಿಯಲಿ ಅಂತ ಸುಮ್ನೆ ನ್ಯೂಟ್ರಲ್ ಮಾಡಬೇಡಿ. ಇಂಜೆಕ್ಷನ್ (ಎಂಜಿನ್ನಿಗೆ ಇಂಧನವನ್ನು ಅಳೆದು ಚಿಮುಕಿಸುವ ವ್ಯವಸ್ಥೆ) ಇರುವ ಕಾರು ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟಿದ್ದರೆ, ಇಂಧನ ಬಹುತೇಕ ನಿಂತಿರುತ್ತದೆ. ನ್ಯೂಟ್ರಲ್‌ನಲ್ಲೇ ಜಾಸ್ತಿ ಖರ್ಚು. ಹಾಗೆಯೇ, ಎಂಜಿನ್‌ನಿಂದ ವೇಗ ತಗ್ಗಿದರೆ ಹಿಂದಿನ ಬ್ರೇಕ್ ಲೈಟ್ ಉರಿಯುವುದಿಲ್ಲ. ಹಿಂದೆ ಗಾಡಿ ಹತ್ತಿರದಲ್ಲಿದ್ದರೆ ಬ್ರೇಕನ್ನು ಒಂದು ಸಲ ಮೆಲ್ಲಗೆ ಮುಟ್ಟಿ.