ವಿಂಡೋಸ್ ಬದಲಿಸುವ ಮುಂಚೆ ಆ ಹಳೆ ಕೇಬಲ್ ನೋಡಿ

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಕೊಡಗಿನ ತೋಟದ ಆಫೀಸುಗಳಲ್ಲಿ, ಗೋಣಿಕೊಪ್ಪ, ಕುಶಾಲನಗರದ ಅಂಗಡಿಗಳಲ್ಲಿ ಹಳೆ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಈಗ ಕೇಳುವುದು ಒಂದೇ: ನಮ್ಮದಕ್ಕೆ ವಿಂಡೋಸ್ 11 ಆಗುತ್ತದಾ?

ಪ್ರೊಸೆಸರ್ ಮಟ್ಟಿಗೆ ಉತ್ತರ ಸುಲಭ. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದು, ಎಎಂಡಿ ಆದರೆ ರೈಜನ್ 2000 ಸರಣಿಯದು, ಇಲ್ಲವೇ ಅವುಗಳ ನಂತರ ಬಂದದ್ದು ಇರಬೇಕು. 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು. ಗುಪ್ತ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಕೂಡ ಬೇಕು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಇದನ್ನೆಲ್ಲ ನೋಡಿ ಹೇಳಿಬಿಡುತ್ತದೆ. ಟಿಪಿಎಂ ಇಲ್ಲ ಅಂದರೆ ಕೂಡಲೇ ನಿರಾಸೆಪಡಬೇಡಿ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಅದು ಇದ್ದರೂ ಆಫ್ ಆಗಿರುತ್ತದೆ. ಕಂಪ್ಯೂಟರ್ ಚಾಲೂ ಆಗುವಾಗ ತೆರೆಯಬಹುದಾದ ಬಯಾಸ್ ಎಂಬ ಸೆಟ್ಟಿಂಗ್ ಪರದೆಯಲ್ಲಿ ಇಂಟೆಲ್‌ನವರು ಅದನ್ನು ಪಿಟಿಟಿ ಅನ್ನುತ್ತಾರೆ, ಎಎಂಡಿಯವರು ಎಫ್‌ಟಿಪಿಎಂ ಅನ್ನುತ್ತಾರೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಮಾತ್ರ ಆ ಬೀಗ ತೆರೆಯುವ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಬಯಾಸ್ ಮುಟ್ಟಬೇಡಿ.

ಆದರೆ ಕಂಪ್ಯೂಟರ್‌ಗೆ ಏನೇನು ಸಿಕ್ಕಿಸಿದ್ದೀರಿ ಅನ್ನುವುದು ಈ ಪರೀಕ್ಷೆಗೆ ಬರುವುದೇ ಇಲ್ಲ. ಕೆಲಸ ನಿಲ್ಲುವುದು ಜಾಸ್ತಿ ಅಲ್ಲೇ.

ಕಾಫಿ ತೂಗುವ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನೇ ತೆಗೆದುಕೊಳ್ಳಿ. ಹಳೆ ಯಂತ್ರಗಳ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತದೆ. ಈಗಿನ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟ್ ಸಿಗುವುದು ಅಪರೂಪ, ಅದಕ್ಕೇ ನಡುವೆ ಒಂದು ಯುಎಸ್‌ಬಿ ಕನ್ವರ್ಟರ್ ಕೇಬಲ್ ಬಂದು ಕೂರುತ್ತದೆ. ಇಂಥ ಬಹಳಷ್ಟು ಕೇಬಲ್‌ಗಳೊಳಗೆ ಇರುವುದು ಪಿಎಲ್2303 ಎಂಬ ಚಿಪ್. ಅದರ ಹಳೆಯ ಎಚ್‌ಎಕ್ಸ್‌ಎ ಮಾದರಿಯನ್ನು ತಯಾರಕರೇ 2012ರಲ್ಲಿ ಕೈಬಿಟ್ಟರು. ಹೊಸ ಡ್ರೈವರ್ (ಸಿಕ್ಕಿಸಿದ ವಸ್ತುವನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್) ಹಾಕಿ ಅಂಥ ಕೇಬಲ್ ಸಿಕ್ಕಿಸಿದರೆ, ಕಂಪ್ಯೂಟರ್‌ನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಕೇಬಲ್‌ನ ಹೆಸರು ಇರಬೇಕಾದ ಕಡೆ ‘2012ರಿಂದ ನಿಲ್ಲಿಸಲಾಗಿದೆ, ಮಾರಿದವರನ್ನು ಕೇಳಿ’ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಕೇಬಲ್ ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ. ಆದರೂ ತೂಕ ಮಾತ್ರ ಪರದೆಗೆ ಬರುವುದಿಲ್ಲ.

ಇದನ್ನು ಮೊದಲೇ ಪತ್ತೆ ಮಾಡಬಹುದು. ಈಗಿರುವ ವಿಂಡೋಸ್‌ನಲ್ಲೇ ಡಿವೈಸ್ ಮ್ಯಾನೇಜರ್ ತೆರೆಯಿರಿ. ಪೋರ್ಟ್‌ಗಳ ಪಟ್ಟಿಯಲ್ಲಿ ಆ ಕೇಬಲ್‌ನ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ವಿಐಡಿ ಎಂದರೆ ತಯಾರಕರ ನಂಬರ್, ಪಿಐಡಿ ಎಂದರೆ ವಸ್ತುವಿನ ನಂಬರ್. ವಿಐಡಿ 067ಬಿ, ಪಿಐಡಿ 2303 ಅಂತ ಕಂಡರೆ ಅದು ಇದೇ ಕುಟುಂಬದ ಚಿಪ್, ಯಾವ ಮಾದರಿ ಅಂತ ವಿಚಾರಿಸಲೇಬೇಕು. ಹಾಗೇ ಕಾಮ್ ಪೋರ್ಟ್ ನಂಬರ್ (ಆ ಸೀರಿಯಲ್ ಪೋರ್ಟ್‌ಗೆ ವಿಂಡೋಸ್ ಕೊಟ್ಟ ನಂಬರ್), ಬಾಡ್ ರೇಟ್ (ಮಾಹಿತಿ ಹರಿಯುವ ವೇಗ) ಎರಡನ್ನೂ ಬರೆದಿಟ್ಟುಕೊಳ್ಳಿ. ಕೇಬಲ್ ಬದಲಾದರೆ ಕಾಮ್ 3 ಇದ್ದದ್ದು ಕಾಮ್ 5 ಆಗಬಹುದು. ಆಗ ಬಿಲ್ ಹಾಕುವ ಸಾಫ್ಟ್‌ವೇರ್ ಖಾಲಿ ಪೋರ್ಟ್ ನೋಡುತ್ತಾ ಸುಮ್ನೆ ಕೂತಿರುತ್ತದೆ.

ಹಳೆ ಸಾಫ್ಟ್‌ವೇರ್ ನಡೆಯುತ್ತದೆ, ಹಳೆ ಡ್ರೈವರ್ ಯಾಕೆ ನಡೆಯುವುದಿಲ್ಲ? ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. 32 ಬಿಟ್‌ನ ಸಾಮಾನ್ಯ ಸಾಫ್ಟ್‌ವೇರ್ ಓಡಿಸಲು ಅದರೊಳಗೆ ಒಂದು ಏರ್ಪಾಡು ಇದೆ. ಆದರೆ ಇಂಥ ಡ್ರೈವರ್ ಕೆಲಸ ಮಾಡುವುದು ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೇ. ಅಲ್ಲಿ ಮೆಮೊರಿಯ ವಿಳಾಸಗಳೆಲ್ಲ 64 ಬಿಟ್‌ನವು. 32 ಬಿಟ್‌ಗೆಂದು ಬರೆದ ಡ್ರೈವರ್‌ಗೆ ಆ ವಿಳಾಸಗಳನ್ನು ಹಿಡಿದಿಡಲೂ ಜಾಗ ಇಲ್ಲ. ಹಾಗಾಗಿ ವಿಂಡೋಸ್ ಅದನ್ನು ಒಳಗೆ ಬರುವುದಕ್ಕೇ ಬಿಡುವುದಿಲ್ಲ.

ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಉಬುಂಟು ಥರದ ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಡಿಸ್ಕ್ ಮುಟ್ಟದೆ, ವೈಫೈ, ಪ್ರಿಂಟರ್, ಕೇಬಲ್ ಎಲ್ಲ ನಡೆಯುತ್ತದಾ ಅಂತ ನೋಡಬಹುದು. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಇದೊಂದನ್ನು ಮಾಡಿ ನೋಡಿ ಅಂತ ನನ್ನ ಕೋರಿಕೆ.

ಇನ್ನು ಯಾವಾಗ ಬದಲಿಸಬೇಕು? ಡಿಸೆಂಬರ್, ಜನವರಿಯ ಕಾಫಿ ಕೊಯ್ಲಿನಲ್ಲಿ ಖಂಡಿತ ಬೇಡ. ಜೂನ್, ಜುಲೈ ಮಳೆಯಲ್ಲೂ ಬೇಡ. ಅಪ್‌ಗ್ರೇಡ್ ನಡುವೆ ಕರೆಂಟ್ ಹೋದರೆ ಕಂಪ್ಯೂಟರ್ ಮತ್ತೆ ಏಳದಿರಬಹುದು. ನನ್ನ ಪ್ರಕಾರ ಮೇ ತಿಂಗಳು ಒಳ್ಳೆಯದು, ಆಗಲೂ ಯುಪಿಎಸ್ ಇರಲಿ. ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ. ಅಪ್‌ಗ್ರೇಡ್ ಆದಮೇಲೆ ಹಳೆ ವಿಂಡೋಸ್‌ಗೆ ಮರಳಲು ಸಾಮಾನ್ಯವಾಗಿ 10 ದಿನ ಅವಕಾಶ ಇರುತ್ತದೆ. ಅಷ್ಟರೊಳಗೆ ಒಂದು ಮೂಟೆ ತೂಗಿ, ಬಿಲ್ ಪ್ರಿಂಟ್ ತೆಗೆದು, ಸ್ಕ್ಯಾನರ್‌ನಲ್ಲಿ ಒಂದು ಹಾಳೆ ಹಾಕಿ ನೋಡಿಬಿಡಿ.