ಸ್ಯಾಕ್ಸೋಫೋನ್: ಉಳಿದ ಹೆಸರು, ಕೈತಪ್ಪಿದ ಹಕ್ಕು

ತಯಾರಿಸಿದವರ ಹೆಸರನ್ನೇ ಹೊತ್ತ ವಾದ್ಯಗಳು ಹಲವಿದ್ದರೂ, ಅವುಗಳಲ್ಲಿ ಸ್ಯಾಕ್ಸೋಫೋನಿನಷ್ಟು ದೂರ ಪಯಣಿಸಿದ್ದು ಇನ್ನೊಂದಿಲ್ಲ ಎನ್ನಬಹುದು. ಆ ಹೆಸರು ಅಡಾಲ್ಫ್ ಸ್ಯಾಕ್ಸ್ ಅವರಿಗೆ ಕೀರ್ತಿಯ ಜೊತೆಗೆ ವ್ಯಾಜ್ಯಗಳನ್ನೂ ತಂದಿತು.

ಇಂದಿನ ಬೆಲ್ಜಿಯಂನ ದಿನಾಂ ಪಟ್ಟಣದಲ್ಲಿ, ವಾದ್ಯ ತಯಾರಕರ ಮನೆಯಲ್ಲಿ 1814ರಲ್ಲಿ ಹುಟ್ಟಿದ ಸ್ಯಾಕ್ಸ್ ಸ್ವತಃ ಕ್ಲಾರಿನೆಟ್ ನುಡಿಸುತ್ತಿದ್ದರು. ಕ್ಲಾರಿನೆಟ್ಟಿನ ಕೊಳವೆಯ ಅಗಲ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಅದರಲ್ಲಿ ಕೆಳಗಿನ ಷಡ್ಜದ ಬೆರಳುಗಳನ್ನು ಕದಲಿಸದೆ ಮೇಲಕ್ಕೇರಿದರೆ ಸ್ವರವು ತಾರಷಡ್ಜವನ್ನು ದಾಟಿ ಅದರಾಚೆಯ ಪಂಚಮದಲ್ಲಿ ನಿಲ್ಲುತ್ತದೆ. ಸ್ಯಾಕ್ಸ್ ಕ್ಲಾರಿನೆಟ್ಟಿನ ಬಗೆಯದೇ ಒಂಟಿ ರೀಡನ್ನು, ಅಂದರೆ ಊದಿದಾಗ ಅದುರಿ ನಾದ ಹುಟ್ಟಿಸುವ ತೆಳು ಪಟ್ಟಿಯನ್ನು, ಉಳಿಸಿಕೊಂಡು, ತುದಿಯತ್ತ ಅಗಲವಾಗುತ್ತ ಸಾಗುವ ಹಿತ್ತಾಳೆಯ ಕೊಳವೆಗೆ ಅದನ್ನು ಜೋಡಿಸಿದರು. ಹೀಗೆ ಮಾಡಿದಾಗ ಮೇಲಿನ ಸ್ಥಾಯಿಯಲ್ಲಿ ಅದೇ ಸ್ವರ ಬರುತ್ತದೆ. ಬೆರಳುಗಳ ಕ್ರಮವನ್ನು ಎರಡು ಸಲ ಕಲಿಯಬೇಕಾಗಿಲ್ಲ. ಒಡಲು ಲೋಹದ್ದಾದರೂ ಈ ವಾದ್ಯವನ್ನು ಮರದ ಸುಷಿರವಾದ್ಯಗಳ ಗುಂಪಿಗೆ ಸೇರಿಸುವುದು ಆ ರೀಡಿನ ಕಾರಣಕ್ಕೆ.

1842ರಲ್ಲಿ ಸ್ಯಾಕ್ಸ್ ಪ್ಯಾರಿಸ್ಸಿಗೆ ಬಂದರು. ಅದೇ ವರ್ಷ ಸಂಗೀತ ಸಂಯೋಜಕ ಬರ್ಲಿಯೋಜ್ ಪತ್ರಿಕೆಯಲ್ಲಿ ಈ ವಾದ್ಯವನ್ನು ಮೆಚ್ಚಿ ಬರೆದರು. ಪೇಟೆಂಟ್ ದೊರೆತದ್ದು 1846ರಲ್ಲಿ. ಸ್ಯಾಕ್ಸ್‌ಹಾರ್ನ್, ಸ್ಯಾಕ್ಸೋಟ್ರೊಂಬಾ ಎಂದು ಒಂದರ ಹಿಂದೊಂದರಂತೆ ಅವರ ಹೆಸರಿನ ವಾದ್ಯಗಳು ಬಂದು, ಫ್ರೆಂಚ್ ಸೇನೆಯ ವಾದ್ಯವೃಂದಗಳಲ್ಲೂ ಜಾಗ ಪಡೆದಾಗ, ಪ್ಯಾರಿಸ್ಸಿನ ಇತರ ತಯಾರಕರು ತಮ್ಮ ವ್ಯಾಪಾರಕ್ಕೆ ಕುತ್ತು ಬಂದಿತೆಂದು ಒಗ್ಗೂಡಿ, ಇವುಗಳಲ್ಲಿ ಹೊಸತೇನೂ ಇಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಸ್ಯಾಕ್ಸ್‌ಹಾರ್ನಿನ ವಿಷಯದಲ್ಲಿ ಈ ಆಕ್ಷೇಪಕ್ಕೆ ಒಂದಿಷ್ಟು ಆಧಾರವಿತ್ತು, ಏಕೆಂದರೆ ಕವಾಟಗಳುಳ್ಳ ಅಂಥ ಹಿತ್ತಾಳೆ ವಾದ್ಯಗಳು ಜರ್ಮನಿಯಲ್ಲಿ ಮೊದಲೇ ಬಳಕೆಯಲ್ಲಿದ್ದವು. ಸ್ಯಾಕ್ಸೋಫೋನ್ ಮಾತ್ರ ನಿಜಕ್ಕೂ ಹೊಸದಾಗಿತ್ತು. ಅದನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದು ಅನ್ಯಾಯ. ವರ್ಷಗಟ್ಟಲೆ ಎಳೆದ ವ್ಯಾಜ್ಯಗಳ ನಡುವೆ ಸ್ಯಾಕ್ಸ್ 1852, 1873 ಮತ್ತು 1877ರಲ್ಲಿ ದಿವಾಳಿಯಾದರು. 1866ರಲ್ಲಿ ಪೇಟೆಂಟಿನ ಅವಧಿ ಮುಗಿದ ಮೇಲಂತೂ ಆ ವಾದ್ಯವನ್ನು ಯಾರು ಬೇಕಾದರೂ ತಯಾರಿಸಬಹುದಾಗಿತ್ತು. 1894ರಲ್ಲಿ ಅವರು ಬಡತನದಲ್ಲೇ ತೀರಿಕೊಂಡರು. ಜಾಜ್ ಸಂಗೀತ ಈ ವಾದ್ಯವನ್ನು ಜಗತ್ತಿಗೆಲ್ಲ ಮುಟ್ಟಿಸಿದ್ದು ಆಮೇಲಿನ ಮಾತು.

ಕನ್ನಡಿಗರಿಗೆ ಈ ಹೆಸರನ್ನು ಮನೆಮಾತಾಗಿಸಿದವರು ಕದ್ರಿ ಗೋಪಾಲನಾಥರು. ನಾಗಸ್ವರ ವಾದಕರ ಮಗನಾದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಒಂದೊಂದು ಸ್ವರಕ್ಕೂ ಪ್ರತ್ಯೇಕ ಕೀಲಿಗಳಿರುವ ಈ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಹೊಮ್ಮಿಸಲು ವರ್ಷಗಳ ಕಾಲ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ ಅವರಿಗೆ 2004ರಲ್ಲಿ ಪದ್ಮಶ್ರೀ ಸಂದಿತು. ಇಂದು ಕರಾವಳಿಯ ದೇವಸ್ಥಾನಗಳ ಉತ್ಸವಗಳಲ್ಲೂ ಮದುವೆ ಮನೆಗಳಲ್ಲೂ ನಾಗಸ್ವರದ ಸ್ಥಾನದಲ್ಲಿ ಸ್ಯಾಕ್ಸೋಫೋನ್ ಕೇಳಿಬರುವುದು ಸಾಮಾನ್ಯ ಸಂಗತಿ.