ದುಡ್ಡು ಕೊಟ್ಟ ಸರ್ಟಿಫಿಕೇಟ್ ಜಾಸ್ತಿ ಗಟ್ಟಿನಾ?

ಹರಿಹರದ ಓದುಗರೊಬ್ಬರು ಕೇಳಿದ್ದಾರೆ: "ಸರ್, ನಮ್ಮ ಅಂಗಡಿಯ ವೆಬ್‌ಸೈಟ್ ತೆಗೆದರೆ ಕೆಂಪು ತ್ರಿಕೋನ ಬಂದು 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಅಂತ ತೋರಿಸ್ತಿದೆ. ಸೈಟ್ ಮಾಡಿಕೊಟ್ಟ ಹುಡುಗ ಫ್ರೀ ಸರ್ಟಿಫಿಕೇಟ್ ಹಾಕಿದ್ದ. ದುಡ್ಡು ಕೊಟ್ಟು ಗಟ್ಟಿ ಇರೋದು ಹಾಕಿಸಿದರೆ ಸರಿ ಹೋಗುತ್ತಾ? ಗಿರಾಕಿಗಳು ಹ್ಯಾಕ್ ಆಗಿದೆಯಾ ಅಂತ ಕೇಳ್ತಿದ್ದಾರೆ."

ಇದೇ ಪ್ರಶ್ನೆ ಹಿಂದೆ ಮಂಡಿಪೇಟೆಯಿಂದ ಬಂದಿತ್ತು. ಅದಕ್ಕೂ ಮೊದಲು ಚಿತ್ರದುರ್ಗದಿಂದ, ಚಳ್ಳಕೆರೆಯಿಂದ. ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸರ್ಟಿಫಿಕೇಟ್ ಅಂದರೆ 'ಈ ಸೈಟ್ ಇವರದೇ' ಅಂತ ಬ್ರೌಸರಿಗೆ ತೋರಿಸುವ ಡಿಜಿಟಲ್ ಪತ್ರ. ಚಿಕ್ಕ ಉತ್ತರ ಇಷ್ಟು. ಈ ಪುಟ ಬಂತು ಅಂದಮಾತ್ರಕ್ಕೆ ಹ್ಯಾಕ್ ಆಗಿದೆ ಅಂತ ಅರ್ಥವಲ್ಲ. ದುಡ್ಡು ಕೊಟ್ಟರೆ ಸರಿ ಹೋಗುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಕೊಟ್ಟ ಮೇಲೆ ಸರಿ ಹೋಯಿತು ಅನ್ನಿ, ಅದು ದುಡ್ಡಿನ ಮಹಿಮೆಯಲ್ಲ, ಹೊಸದಾಗಿ ಹಾಕಿದ್ದರಿಂದ ಆಗಿದ್ದು. ಇದ್ದದ್ದನ್ನೇ ಸರಿಯಾಗಿ ಹಾಕಿದ್ದರೂ ಆಗುತ್ತಿತ್ತು.

ಆ ಪುಟದಲ್ಲಿ ದೊಡ್ಡ ಅಕ್ಷರ ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ನೆಟ್ ಎರರ್' ಅಂತ ಶುರುವಾಗುವ ಒಂದು ಸಾಲು ಇರುತ್ತದೆ. ರೋಗ ಏನು ಅಂತ ಅಲ್ಲೇ ಬರೆದಿರುತ್ತದೆ. ಆದರೆ ನನಗೆ ಫೋಟೊ ಕಳಿಸುವವರೆಲ್ಲ ಕೆಂಪು ತ್ರಿಕೋನವನ್ನು ಚೆನ್ನಾಗಿ ತೆಗೆದು, ಈ ಒಂದು ಸಾಲನ್ನು ಮಾತ್ರ ಕತ್ತರಿಸಿ ಕಳಿಸುತ್ತಾರೆ!

ಆ ಸಾಲಿನ ಕೊನೆಗೆ 'ಡೇಟ್ ಇನ್‌ವ್ಯಾಲಿಡ್' ಅಂತಿದ್ದರೆ ಸರ್ಟಿಫಿಕೇಟಿನ ಅವಧಿ ಮುಗಿದಿದೆ, ಇಲ್ಲವೇ ನೋಡುತ್ತಿರುವವರ ಕಂಪ್ಯೂಟರಿನ ತಾರೀಖೇ ತಪ್ಪಾಗಿದೆ. 'ಕಾಮನ್ ನೇಮ್ ಇನ್‌ವ್ಯಾಲಿಡ್' ಅಂತಿದ್ದರೆ ಸರ್ಟಿಫಿಕೇಟಿನಲ್ಲಿರುವ ಹೆಸರಿಗೂ ಸೈಟಿನ ವಿಳಾಸಕ್ಕೂ ತಾಳೆಯಾಗುತ್ತಿಲ್ಲ. ನಾನು ನೋಡಿದ್ದರಲ್ಲಿ ಜಾಸ್ತಿ ಇರುವುದು ಒಂದೇ ತಪ್ಪು: ಮುಂದೆ 'ಡಬ್ಲ್ಯುಡಬ್ಲ್ಯುಡಬ್ಲ್ಯು' ಇರುವ ವಿಳಾಸವನ್ನು ಸೇರಿಸಲು ಮರೆತಿರುತ್ತಾರೆ. 'ಅಥಾರಿಟಿ ಇನ್‌ವ್ಯಾಲಿಡ್' ಅಂತಿದ್ದರೆ ಸರ್ಟಿಫಿಕೇಟ್ ಕೊಟ್ಟವರು ಯಾರು ಅಂತ ಬ್ರೌಸರಿಗೆ ಗುರುತು ಸಿಗುತ್ತಿಲ್ಲ. ಮೂರು ರೋಗ, ಮೂರು ಬೇರೆ ಬೇರೆ ಔಷಧ. ಒಂದರಲ್ಲೂ 'ಸರ್ಟಿಫಿಕೇಟ್ ಸಾಕಷ್ಟು ಗಟ್ಟಿಯಿಲ್ಲ, ದುಬಾರಿಯದು ತನ್ನಿ' ಅಂತ ಬರೆದಿಲ್ಲ, ಗಮನಿಸಿ.

ಈಗ ಆ 'ಗಟ್ಟಿ' ಅನ್ನುವ ಮಾತಿಗೆ ಬರೋಣ. ನನ್ನ ತಲೆ ತಿನ್ನುತ್ತಿರುವುದು ಅದೇ.

ನಮ್ಮ ಕಡೆ ದನದ ಸಂತೆ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಎತ್ತಿನ ವ್ಯಾಪಾರ ಕುದುರಿಸುವಾಗ ಬಾಯಲ್ಲಿ ದರ ಹೇಳುವುದಿಲ್ಲ, ಅಲ್ವಾ? ಕೈ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಸುತ್ತ ಹತ್ತು ಜನ ನಿಂತಿದ್ದರೂ ಎಷ್ಟಕ್ಕೆ ಮಾತಾಯಿತು ಅಂತ ಗೊತ್ತಾಗುವುದಿಲ್ಲ. ಆ ಟವೆಲ್ಲೇ ಎನ್‌ಕ್ರಿಪ್ಷನ್. ಇನ್ನು ಸರ್ಟಿಫಿಕೇಟ್ ಅಂದರೆ ಪಕ್ಕದಲ್ಲಿ ನಿಂತ ದಲ್ಲಾಳಿ. 'ಈ ಎತ್ತು ಇವರದೇ, ನನಗೆ ಗೊತ್ತು' ಅಂತ ಹೇಳುವುದಷ್ಟೇ ಅವನ ಕೆಲಸ. ದಲ್ಲಾಳಿಗೆ ನೂರು ಕೊಡಿ, ಸಾವಿರ ಕೊಡಿ, ಪುಕ್ಕಟೆ ಹೇಳಿಸಿ. ಟವೆಲ್ ಅದರಿಂದ ಒಂದು ನೂಲೂ ದಪ್ಪ ಆಗುವುದಿಲ್ಲ.

ಇದು ಬರೀ ಹೋಲಿಕೆಯಲ್ಲ, ಒಳಗೆ ನಡೆಯುವುದೂ ಹೀಗೇ. ನೀವು ಸೈಟ್ ತೆಗೆದ ತಕ್ಷಣ ಬ್ರೌಸರು ಮತ್ತು ಸರ್ವರ್ ಸೇರಿ ಆ ಹೊತ್ತಿಗೆ ಮಾತ್ರ ಸಲ್ಲುವ ಒಂದು ಕೀ ಮಾಡಿಕೊಳ್ಳುತ್ತವೆ. ಮಾತುಕತೆಗೆಲ್ಲ ಬೀಗ ಬೀಳುವುದು ಆ ಕೀಯಿಂದ. ಎಷ್ಟು ಬಿಟ್, ಯಾವ ಲೆಕ್ಕ ಅನ್ನುವುದನ್ನು ಬ್ರೌಸರು ಮತ್ತು ಸರ್ವರ್ ತಮ್ಮತಮ್ಮಲ್ಲೇ ಒಪ್ಪಿಕೊಳ್ಳುತ್ತವೆ. ಸರ್ಟಿಫಿಕೇಟ್ ಕೊಟ್ಟ ಕಂಪನಿ ಆ ಮಾತಿನಲ್ಲಿ ಇರುವುದೇ ಇಲ್ಲ. ಈ ಮಾತುಕತೆಯ ನಿಯಮಗಳಿಗೆ ಟಿಎಲ್‌ಎಸ್ ಅಂತ ಹೆಸರು. ಸರ್ಟಿಫಿಕೇಟಿಗೆ ಜೋಡಿಯಾಗಿ ಸರ್ವರಿನಲ್ಲಿ ಗುಟ್ಟಾಗಿ ಇಡುವ ಕೀ ಬೇರೆಯದೇ ಇದೆ. 2018ರಲ್ಲಿ ಬಂದ ಟಿಎಲ್‌ಎಸ್ 1.3ರಲ್ಲಂತೂ ಆ ಕೀಗೆ ಇರುವುದು ಒಂದೇ ಕೆಲಸ, ಸಹಿ ಹಾಕುವುದು. ಬೀಗ ಹಾಕುವುದು ಅದರ ಪಾಲಿಗೆ ಬಂದಿಲ್ಲ. ಹಾಗಾಗಿ '256 ಬಿಟ್ ಮಿಲಿಟರಿ ದರ್ಜೆ' ಅಂತ ಜಾಹೀರಾತು ಹಾಕಿ ಸರ್ಟಿಫಿಕೇಟ್ ಮಾರುವವರು ನಿಮ್ಮ ಟವೆಲ್ಲನ್ನೇ ನಿಮಗೆ ಮಾರುತ್ತಿದ್ದಾರೆ.

ಇಷ್ಟು ಹೇಳಿದ ಮೇಲೂ ಒಬ್ಬರು, "ಪುಕ್ಕಟೆ ಕೊಡೋರನ್ನ ಹೆಂಗ್ ನಂಬೋದು ಸರ್?" ಅಂದರು. ವ್ಯಾಪಾರಸ್ಥರು, ಹಾಗೆ ಕೇಳುವುದು ಸಹಜವೇ. ಪುಕ್ಕಟೆ ಸರ್ಟಿಫಿಕೇಟ್ ಅಂದರೆ ಜಾಸ್ತಿ ಕೇಳಿಬರುವ ಹೆಸರು ಲೆಟ್ಸ್ ಎನ್‌ಕ್ರಿಪ್ಟ್. ಅಮೆರಿಕದ ಒಂದು ಲಾಭರಹಿತ ಸಂಸ್ಥೆ ಅದನ್ನು ನಡೆಸುತ್ತದೆ. 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಸಿಗುತ್ತಿದೆ. ದೊಡ್ಡ ಬ್ರೌಸರುಗಳೆಲ್ಲ ಅದನ್ನು ನಂಬುತ್ತವೆ. ಇನ್ನು ದುಡ್ಡು ತೆಗೆದುಕೊಳ್ಳುವವರ ಕಥೆ ನೋಡಿ. ನೆದರ್‌ಲ್ಯಾಂಡ್ಸ್‌ನ ಡಿಜಿನೋಟಾರ್ ಅಂತ ಒಂದು ಕಂಪನಿ. ಅಲ್ಲಿನ ಸರ್ಕಾರವೇ ಅದರ ಸರ್ಟಿಫಿಕೇಟ್ ಬಳಸುತ್ತಿತ್ತು. 2011ರಲ್ಲಿ ಕಳ್ಳರು ಒಳಗೆ ನುಗ್ಗಿ ಗೂಗಲ್ ಹೆಸರಿಗೂ ಸೇರಿ 500ಕ್ಕೂ ಹೆಚ್ಚು ಸುಳ್ಳು ಸರ್ಟಿಫಿಕೇಟ್ ಮಾಡಿಕೊಂಡರು. ಬ್ರೌಸರುಗಳು ಕಂಪನಿಯ ಹೆಸರನ್ನೇ ಹೊಡೆದು ಹಾಕಿದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ಅವರಿಗೆ ದುಡ್ಡು ಕಟ್ಟಿ ಸರ್ಟಿಫಿಕೇಟ್ ಹಾಕಿಸಿದ್ದವರ ಸೈಟುಗಳಲ್ಲೂ ಬಂದದ್ದು ಎಚ್ಚರಿಕೆಯ ಪುಟವೇ.

ಹಾಗಾದರೆ ದುಡ್ಡಿಗೆ ಏನೂ ಸಿಗುವುದಿಲ್ವಾ? ಸಿಗುತ್ತದೆ, ಸುಳ್ಳು ಹೇಳಬಾರದು. ಕಂಪನಿ ನಿಜವಾಗಿ ಇದೆಯಾ ಅಂತ ದಾಖಲೆ ಪರೀಕ್ಷಿಸಿ, ಆ ಹೆಸರನ್ನೂ ಸರ್ಟಿಫಿಕೇಟಿನೊಳಗೆ ಬರೆದುಕೊಡುತ್ತಾರೆ. ಕೆಟ್ಟರೆ ಕೇಳಲು ಒಂದು ಫೋನ್ ನಂಬರ್ ಇರುತ್ತದೆ. ಬ್ಯಾಂಕಿಗೆ, ದೊಡ್ಡ ಸಂಸ್ಥೆಗೆ ಅದು ಬೇಕಾಗಬಹುದು. ಮೊದಲು ಅಂಥ ಸೈಟುಗಳ ಮೇಲೆ ಹಸಿರು ಪಟ್ಟಿಯಲ್ಲಿ ಕಂಪನಿಯ ಹೆಸರು ಕಾಣುತ್ತಿತ್ತು. 2019ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನು ವಿಳಾಸದ ಪಟ್ಟಿಯಿಂದ ತೆಗೆದವು. ಖಾರಾ ಮಂಡಕ್ಕಿ ಆರ್ಡರ್ ಮಾಡಲು ಬಂದ ಗಿರಾಕಿ ಸರ್ಟಿಫಿಕೇಟ್ ತೆರೆದು ಕಂಪನಿಯ ಹೆಸರು ಓದುತ್ತಾನಾ ಹೇಳಿ.

ದಲ್ಲಾಳಿಯ ವಿಷಯದಲ್ಲಿ ಇನ್ನೊಂದು ಮಾತು. ಅವನು ಹೇಳುವುದು ಎತ್ತು ಯಾರದು ಅಂತ. ಎತ್ತು ಕುಂಟಾ ಅಂತ ಅವನು ಹೇಳುವುದಿಲ್ಲ. ಮೋಸದ ಸೈಟಿಗೂ ಸರ್ಟಿಫಿಕೇಟ್ ಸಿಗುತ್ತದೆ, ಅದಕ್ಕೂ ಬೀಗದ ಚಿತ್ರ ಬರುತ್ತಿತ್ತು. ಜನ ಬೀಗ ನೋಡಿ ಮೋಸ ಹೋಗುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು. "ಬೀಗ ಕಾಣ್ತಿಲ್ಲ, ಏನಾಗಿದೆ?" ಅಂತ ಕೇಳುವವರಿಗೂ ಇದೇ ಉತ್ತರ.

ಸರಿ, ಹರಿಹರದವರ ರಿಪೇರಿ. ಕೊನೆಗೂ ಆ ಸಣ್ಣ ಸಾಲಿನ ಫೋಟೊ ಕಳಿಸಿದರು. ಡೇಟ್ ಇನ್‌ವ್ಯಾಲಿಡ್. ತಮಾಷೆ ಏನೆಂದರೆ ಸರ್ವರ್ ಒಳಗೆ ಹೊಕ್ಕು ನೋಡಿದರೆ ಸರ್ಟಿಫಿಕೇಟ್ ಮೂರು ವಾರದ ಹಿಂದೆಯೇ ತಾನಾಗಿ ನವೀಕರಣ ಆಗಿತ್ತು. ಹೊಸ ಫೈಲ್ ಡಿಸ್ಕಿನಲ್ಲಿ ಕೂತಿತ್ತು. ಆದರೆ ವೆಬ್‌ಸರ್ವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಶುರುವಾದಾಗ ಓದಿಕೊಂಡ ಹಳೆಯದನ್ನೇ ಗಿರಾಕಿಗಳಿಗೆ ತೋರಿಸುತ್ತಿತ್ತು. ವೆಬ್‌ಸರ್ವರಿಗೆ ಒಂದು ರೀಲೋಡ್ ಕೊಟ್ಟರೆ ಮುಗಿಯಿತು, ಎರಡು ಸೆಕೆಂಡಿನ ಕೆಲಸ. ನವೀಕರಣ ಆದ ಕೂಡಲೇ ರೀಲೋಡ್ ಆಗುವಂತೆ, ನವೀಕರಣ ಮಾಡುವ ಸರ್ಟ್‌ಬಾಟ್ ಅನ್ನುವ ಸಾಫ್ಟ್‌ವೇರಿನಲ್ಲೇ ಹೇಳಿಡಬಹುದು. ಆ ಹುಡುಗ ಅದೊಂದನ್ನು ಬಿಟ್ಟಿದ್ದ.

ಇಂಥದ್ದು ಆದಾಗ ಗಾಬರಿಯಲ್ಲಿ ಹೊಸ ಸರ್ಟಿಫಿಕೇಟಿಗೆ ಮೇಲಿಂದ ಮೇಲೆ ಕೇಳಬೇಡಿ. ಅದೇ ಹೆಸರುಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್ ಏಳು ದಿನಕ್ಕೆ ಐದೇ ಕೊಡುತ್ತದೆ. ಆರನೆಯದಕ್ಕೆ ಬಾಗಿಲು ಹಾಕುತ್ತದೆ. ದುಡ್ಡು ಕೊಟ್ಟು ತಂದವರಿಗೆ ಬೇರೊಂದು ಕಾಟ ಇದೆ. ಅರ್ಜಿ ಹಾಕುವಾಗ ಹೊಸ ಕೀ ಮಾಡಿರುತ್ತಾರೆ, ಸರ್ವರಿನಲ್ಲಿ ಹಳೆಯ ಕೀಯನ್ನೇ ಬಿಟ್ಟಿರುತ್ತಾರೆ. ಆಗ 'ಕೀ ವ್ಯಾಲ್ಯೂಸ್ ಮಿಸ್‌ಮ್ಯಾಚ್' ಅಂತ ಬಂದು ಸರ್ವರ್ ಶುರುವೇ ಆಗುವುದಿಲ್ಲ.

'ಲ್ಯಾಪ್‌ಟಾಪ್‌ನಲ್ಲಿ ಬರುತ್ತೆ, ಫೋನ್ ಆಪ್‌ನಲ್ಲಿ ಬರಲ್ಲ' ಅನ್ನುವವರು ಸರ್ಟಿಫಿಕೇಟಿನ ಫೈಲ್ ಯಾವುದು ಹಾಕಿದ್ದೀರಿ ನೋಡಿ. 'ಸರ್ಟ್' ಅನ್ನುವ ಫೈಲಿನಲ್ಲಿ ನಿಮ್ಮ ಸೈಟಿನದು ಮಾತ್ರ ಇರುತ್ತದೆ. 'ಫುಲ್‌ಚೈನ್' ಅನ್ನುವುದರಲ್ಲಿ, ನಿಮ್ಮ ಸರ್ಟಿಫಿಕೇಟಿಗೂ ಬ್ರೌಸರು ನಂಬುವ ಮೂಲ ಸಂಸ್ಥೆಗೂ ನಡುವಿನ ಕೊಂಡಿಯಾಗಿರುವ ಸರ್ಟಿಫಿಕೇಟೂ ಇರುತ್ತದೆ. ಕೆಲವು ಬ್ರೌಸರುಗಳು ನಡುವಿನ ಕೊಂಡಿಯನ್ನು ತಾವೇ ಹುಡುಕಿಕೊಳ್ಳುತ್ತವೆ, ಆಪ್‌ಗಳು ಸಾಮಾನ್ಯವಾಗಿ ಆ ಕಷ್ಟ ತೆಗೆದುಕೊಳ್ಳುವುದಿಲ್ಲ. ಫುಲ್‌ಚೈನ್ ಹಾಕಿ.

ಮಂಡಿಪೇಟೆಯ ಅಂಗಡಿಯದು ಇನ್ನೂ ಸಣ್ಣದು. ಅಲ್ಲಿ ಯಾವ ಸೈಟ್ ತೆಗೆದರೂ ತ್ರಿಕೋನ, ಬ್ಯಾಂಕಿನದೂ ಸಹ. ಮೂಲೆಯ ಗಡಿಯಾರ ನೋಡಿದೆ. ತಾರೀಖು 2012ರ ಜನವರಿ 1. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಆರಿಸುತ್ತಾರೆ, ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿದೆ. ದಿನಾ ಬೆಳಿಗ್ಗೆ ಆ ಕಂಪ್ಯೂಟರು 2012ರಲ್ಲಿ ಏಳುತ್ತಿತ್ತು. ಆ ತಾರೀಖಿಗೆ ಈಗಿನ ಯಾವ ಸರ್ಟಿಫಿಕೇಟೂ ಹುಟ್ಟಿರಲಿಲ್ಲ. ಸೆಲ್ ಬದಲಾಯಿಸಿದೆ, ಮುಗಿಯಿತು. ಅವರು ಆಗಲೇ ಹೊಸ ಆಂಟಿವೈರಸ್ ಕೊಂಡಾಗಿತ್ತು.

'ಪುಕ್ಕಟೆ ಸರ್ಟಿಫಿಕೇಟಿಗೆ ಮೂರು ತಿಂಗಳಿಗೊಮ್ಮೆ ನವೀಕರಣ, ಈ ರಗಳೆ ಬೇಡ, ದುಡ್ಡು ಕೊಟ್ಟರೆ ವರ್ಷ ನಿಶ್ಚಿಂತೆ' ಅನ್ನುವ ಲೆಕ್ಕವೂ ಇನ್ನು ನಡೆಯುವುದಿಲ್ಲ. ಒಂದು ಸರ್ಟಿಫಿಕೇಟ್ ಹೆಚ್ಚೆಂದರೆ ಎಷ್ಟು ದಿನ ಸಲ್ಲಬಹುದು ಅನ್ನುವ 398 ದಿನಗಳ ಮಿತಿಯನ್ನು ಇಳಿಸಲು ಬ್ರೌಸರಿನವರು, ಸರ್ಟಿಫಿಕೇಟ್ ಕೊಡುವವರು ಸೇರಿ 2025ರಲ್ಲಿ ಒಪ್ಪಿದ್ದಾರೆ. 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ ಬರೀ 47 ದಿನ. ಎಷ್ಟು ದುಡ್ಡು ಕೊಟ್ಟರೂ ಅಷ್ಟೇ. ನವೀಕರಣ ತಾನಾಗಿ ಆಗುವಂತೆ ಮಾಡಿಕೊಳ್ಳದೆ ದಾರಿಯಿಲ್ಲ.

ಈಗ ಯಾರೂ ಕೇಳದ ಒಂದು ವಿಷಯ. ಹರಿಹರದವರು ಪ್ರಶ್ನೆಯ ಜೊತೆ ವಾಟ್ಸಾಪ್‌ನಲ್ಲಿ ಎರಡು ಫೈಲ್ ಕಳಿಸಿದ್ದರು, 'ನೋಡಿ ಹೇಳಿ ಸರ್' ಅಂತ. ಒಂದರ ಮೊದಲ ಸಾಲು 'ಬಿಗಿನ್ ಸರ್ಟಿಫಿಕೇಟ್'. ಅದನ್ನು ಊರಿಗೆಲ್ಲ ತೋರಿಸಬಹುದು, ಸರ್ವರ್ ಮಾಡುವುದೂ ಅದನ್ನೇ. ಇನ್ನೊಂದರ ಮೊದಲ ಸಾಲು 'ಬಿಗಿನ್ ಪ್ರೈವೇಟ್ ಕೀ'. ಸ್ವಾಮಿ, ಅದನ್ನು ನನಗೂ ಕಳಿಸಬಾರದು. ಅದು ಯಾರ ಕೈಗೆ ಸಿಕ್ಕಿತೋ ಅವರು ನಿಮ್ಮ ಸೈಟ್ ತಾವೇ ಅಂತ ನಿಲ್ಲಬಹುದು. ನಾನು ಅಳಿಸಿದ್ದೇನೆ, ಆದರೆ ನನ್ನ ಮಾತು ನಂಬಿ ಕೂರಬೇಡಿ. ಆ ಸರ್ಟಿಫಿಕೇಟ್ ರದ್ದು ಮಾಡಿಸಿ, ಹೊಸ ಕೀ ಮಾಡಿ ಹೊಸದು ತೆಗೆದುಕೊಳ್ಳಿ. ಖರ್ಚು ಸೊನ್ನೆ.

ಕೀ ಹೀಗೆ ಕೈ ಕೈ ದಾಟಬಾರದು ಅಂತಲೇ ನಿಮ್ಮ ಆಡಿಟರ್ ಹತ್ತಿರ ಇರುವ ಡಿಜಿಟಲ್ ಸಹಿಯ ಟೋಕನ್ ಮಾಡಿರುವುದು. ಜಿಎಸ್‌ಟಿಗೆ, ಟೆಂಡರಿಗೆ ಚುಚ್ಚುತ್ತಾರಲ್ಲ, ಆ ಪೆನ್‌ಡ್ರೈವ್ ಥರದ್ದು. 2000ದ ಐಟಿ ಕಾಯ್ದೆಯಡಿ ಲೈಸೆನ್ಸ್ ಇರುವವರು ಕೊಡುವ ಸರ್ಟಿಫಿಕೇಟ್ ಅದರಲ್ಲಿದೆ. ಒಳಗಿನ ಲೆಕ್ಕ ವೆಬ್‌ಸೈಟಿನ ಸರ್ಟಿಫಿಕೇಟಿನದೇ. ಆದರೆ ಅದು ಮನುಷ್ಯನ ಸಹಿಗೆ, ಸೈಟಿಗೆ ಹಾಕಲು ಬರುವುದಿಲ್ಲ. ಕೀ ಟೋಕನ್ ಒಳಗೇ ಹುಟ್ಟಿ ಒಳಗೇ ಇರುತ್ತದೆ, ಕಾಪಿ ಮಾಡಲು ಆಗುವುದಿಲ್ಲ. ಕಳೆದರೆ ಹೊಸದೇ ಮಾಡಿಸಬೇಕು. ಪಿನ್ ಮೇಲಿಂದ ಮೇಲೆ ತಪ್ಪು ಒತ್ತಿದರೆ ಅದೇ ಲಾಕ್ ಆಗುತ್ತದೆ. ಇಷ್ಟೆಲ್ಲ ಕಾವಲು ಇದೆ. ನಮ್ಮೂರಿನ ಒಂದು ಆಫೀಸಿನಲ್ಲಿ ಡ್ರಾಯರ್ ಎಳೆದು ತೋರಿಸಿದರು. ನಲವತ್ತು ಟೋಕನ್, ಪ್ರತಿಯೊಂದಕ್ಕೂ ರಬ್ಬರ್ ಬ್ಯಾಂಡ್, ಬ್ಯಾಂಡಿನ ಕೆಳಗೆ ಒಂದು ಚೀಟಿ. ಚೀಟಿಯಲ್ಲಿ ಪಾರ್ಟಿಯ ಹೆಸರು, ಅದರ ಕೆಳಗೆ ಪಿನ್.